ಹಾಲುಹಲ್ಲು ಹೇಗೂ ಬೀಳುತ್ತದೆ, ಚಿಕಿತ್ಸೆ ಏಕೆ? ಮಕ್ಕಳ ಹಲ್ಲು, ದಂತವೈದ್ಯರ ಭಯ ಮತ್ತು ಹರಿದಾಡುವ ಸಂದೇಶಗಳ ಸತ್ಯ

‘ಮಕ್ಕಳ ಹುಳುಕು ಹಲ್ಲಿಗೆ ಔಷಧಿ ಬೇಡ, ಬಿದ್ದು ಹೊಸದು ಬರುತ್ತದೆ.’ ‘ಹಲ್ಲಿನ ಹುಳ ಹೊರಗೆ ಬರಲು ಈ ಬೀಜದ ಹೊಗೆ ಹಾಕಿ.’ ‘ಪೇಸ್ಟ್ ಟ್ಯೂಬಿನ ಕೆಳಗೆ ಕಪ್ಪು ಪಟ್ಟಿ ಇದ್ದರೆ ಅದು ಪೂರ್ತಿ ರಾಸಾಯನಿಕ.’ ಇಂಥ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಒಳ್ಳೆಯದಾಗಲಿ ಎಂದೇ ಕಳಿಸುತ್ತಾರೆ. ಆದರೆ ಇವನ್ನು ನಂಬಿ ಒಂದು ವರ್ಷ ಕಾದರೆ ನೋವು ಅನುಭವಿಸುವುದು ಮಗು.

ಈ ಬರಹದಲ್ಲಿ ನಾವು ಇವನ್ನು ಒಂದೊಂದಾಗಿ ನೋಡೋಣ. ಉದಾಹರಣೆಗೆ ಬೆಳಗಾವಿ ಜಿಲ್ಲೆಯ ಹಾರೂಗೇರಿ ಮತ್ತು ಅದರ ಸುತ್ತಲಿನ ರಾಯಬಾಗ, ಅಥಣಿ, ಚಿಕ್ಕೋಡಿ, ಕಾಗವಾಡ, ನಿಪ್ಪಾಣಿ ಭಾಗವನ್ನು ತೆಗೆದುಕೊಂಡಿದ್ದೇವೆ. ಕಬ್ಬು, ಬೆಲ್ಲ, ತಂಬಾಕು ಮೂರೂ ದಿನನಿತ್ಯದ ಬದುಕಿನಲ್ಲಿ ಬೆರೆತಿರುವ ಸೀಮೆ ಇದು. ಮೂರಕ್ಕೂ ಹಲ್ಲಿಗೂ ನೇರ ಸಂಬಂಧವಿದೆ.

ಒಂದೇ ನಿಮಿಷದಲ್ಲಿ ಉತ್ತರ ಬೇಕೆಂದರೆ

ಹಾಲುಹಲ್ಲಿಗೂ ಚಿಕಿತ್ಸೆ ಬೇಕು. ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬೆಲ್ಲವೂ ಹಲ್ಲನ್ನು ಹಾಳು ಮಾಡುತ್ತದೆ. ಪೇಸ್ಟ್ ಟ್ಯೂಬಿನ ಬಣ್ಣದ ಪಟ್ಟಿಗೆ ಅರ್ಥವಿಲ್ಲ. ಮಗುವನ್ನು ಮೊದಲ ಬಾರಿ ದಂತವೈದ್ಯರ ಬಳಿ ಕರೆದೊಯ್ಯಬೇಕಾದದ್ದು ಹಲ್ಲು ನೋಯುವಾಗ ಅಲ್ಲ, ನೋಯುವುದಕ್ಕೆ ಮೊದಲು. ಭಯ ಕಡಿಮೆ ಮಾಡುವ ಮೊದಲ ಉಪಾಯವೂ ಅದೇ.

ಹಾಲುಹಲ್ಲು ಬೀಳುತ್ತದೆ, ನಿಜ. ಆದರೆ ಯಾವಾಗ?

ಮಗುವಿಗೆ ಸುಮಾರು 6 ತಿಂಗಳಾದಾಗ ಮೊದಲ ಹಲ್ಲು ಮೂಡುತ್ತದೆ. ಎರಡೂವರೆ–ಮೂರು ವರ್ಷದ ಹೊತ್ತಿಗೆ 20 ಹಾಲುಹಲ್ಲುಗಳೂ ಬಂದಿರುತ್ತವೆ. ಮುಂದಿನ ಹಲ್ಲು 6–7ನೇ ವಯಸ್ಸಿಗೆ ಬೀಳುತ್ತದೆ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಗೆ ಎಸೆಯುವ ರೂಢಿ ಹಲವು ಮನೆಗಳಲ್ಲಿದೆ. ಅದರಿಂದ ಯಾರಿಗೂ ತೊಂದರೆಯಿಲ್ಲ, ಮಗುವಿಗೆ ಅದೊಂದು ಸಂಭ್ರಮ. ತೊಂದರೆ ಇರುವುದು ‘ಎಲ್ಲ ಹಾಲುಹಲ್ಲೂ ಹೀಗೆಯೇ ಬೇಗ ಬೀಳುತ್ತವೆ’ ಎಂದುಕೊಳ್ಳುವುದರಲ್ಲಿ. ಹಿಂದಿನ ದವಡೆಯ ಹಾಲುಹಲ್ಲುಗಳು 10ರಿಂದ 12 ವರ್ಷದವರೆಗೂ ಬಾಯಲ್ಲಿರಬೇಕು. ನಾಲ್ಕು ವರ್ಷದ ಮಗುವಿನ ದವಡೆ ಹಲ್ಲು ಹುಳುಕಾದರೆ ಅದು ಬೀಳಲು ಇನ್ನೂ ಆರೇಳು ವರ್ಷ ಬಾಕಿ. ಅಷ್ಟು ದಿನ ಮಗು ಯಾವುದರಿಂದ ರೊಟ್ಟಿ ಅಗಿಯಬೇಕು?

ಹಾಲುಹಲ್ಲಿಗೆ ಇನ್ನೊಂದು ಕೆಲಸವಿದೆ. ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಅದು ಜಾಗ ಕಾಯುತ್ತದೆ. ಅವಧಿಗೆ ಮೊದಲೇ ಅದು ಹೋದರೆ ಅಕ್ಕಪಕ್ಕದ ಹಲ್ಲುಗಳು ವಾಲಿ ಆ ಜಾಗವನ್ನು ಆಕ್ರಮಿಸುತ್ತವೆ. ಹೊಸ ಹಲ್ಲು ಓರೆಯಾಗಿ, ಒತ್ತೊತ್ತಾಗಿ ಬರುತ್ತದೆ. ಹಾಲುಹಲ್ಲಿನ ಬೇರಿನಲ್ಲಿ ಕೀವು ತುಂಬಿಕೊಂಡಿದ್ದರೆ ಕೆಳಗಿನ ಎಳೆಯ ಹಲ್ಲಿನ ಮೇಲ್ಪದರ ಕಲೆಗಟ್ಟಿ, ಕುಳಿಬಿದ್ದು ಬರಬಹುದು.

ಅನೇಕ ಪಾಲಕರಿಗೆ ಗೊತ್ತಿಲ್ಲದ ಒಂದು ಮುಖ್ಯ ವಿಷಯವೂ ಇದೆ. 6ನೇ ವರ್ಷದ ಸುಮಾರಿಗೆ ಎಲ್ಲ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ನಾಲ್ಕು ದೊಡ್ಡ ದವಡೆ ಹಲ್ಲುಗಳು ಮೂಡುತ್ತವೆ. ಯಾವುದೂ ಬಿದ್ದಿಲ್ಲವಾದ್ದರಿಂದ ಅವನ್ನೂ ಹಾಲುಹಲ್ಲು ಎಂದೇ ತಿಳಿಯುತ್ತಾರೆ. ಆದರೆ ಅವು ಶಾಶ್ವತ ಹಲ್ಲುಗಳು. ಹೋದರೆ ಮತ್ತೆ ಬರುವುದಿಲ್ಲ. ನಿಮ್ಮ ಮಗುವಿಗೆ 6–7 ವರ್ಷವಾಗಿದ್ದರೆ ಇವತ್ತೇ ಮೊಬೈಲ್ ಟಾರ್ಚ್ ಹಿಡಿದು ಬಾಯಿಯ ಹಿಂಭಾಗ ನೋಡಿ.

‘ಹಲ್ಲಿಗೆ ಹುಳ ಹತ್ತೇತಿ’ ಎಂಬುದು ನಿಜವೇ?

ನಮ್ಮ ಭಾಷೆಯಲ್ಲೇ ಈ ನಂಬಿಕೆ ಕುಳಿತಿದೆ. ಹುಳುಕು ಎಂದರೆ ಹುಳು ತಿಂದದ್ದು. ಇದು ನಮ್ಮಲ್ಲಿ ಮಾತ್ರ ಇಲ್ಲ. ಪ್ರಾಚೀನ ಬ್ಯಾಬಿಲೋನಿಯಾದ ಮಣ್ಣಿನ ಹಲಗೆಗಳಲ್ಲೂ ಹಲ್ಲಿನ ಹುಳುವಿನ ಕಥೆಯಿದೆ. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ ತನ್ನ ಪುಸ್ತಕದಲ್ಲಿ ಈ ನಂಬಿಕೆಯನ್ನು ಒಪ್ಪಲಿಲ್ಲ. 1890ರ ಹೊತ್ತಿಗೆ ಡಬ್ಲ್ಯೂ. ಡಿ. ಮಿಲ್ಲರ್ ನಿಜವಾದ ಕಾರಣವನ್ನು ವಿವರಿಸಿದರು. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಿಹಿ ಮತ್ತು ಹಿಟ್ಟಿನ ಅಂಶವನ್ನು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿ ಪದರವನ್ನು ಕರಗಿಸುತ್ತದೆ. ಹಲ್ಲಿನ ತೂತು ಎಂದರೆ ಇಷ್ಟೇ.

ಹಾಗಾದರೆ ಜಾತ್ರೆ, ಸಂತೆಗಳಲ್ಲಿ ಹೊಗೆ ಹಾಕಿ ‘ಹುಳ’ ತೋರಿಸುತ್ತಾರಲ್ಲ, ಅದೇನು? ನೆಲಗುಳ್ಳದಂಥ ಗಿಡದ ಬೀಜಗಳನ್ನು ಕೆಂಡದ ಮೇಲೆ ಹಾಕಿ ಹೊಗೆ ಕೊಡುವುದು ಹಳೆಯ ಪದ್ಧತಿ. ಬಿಸಿಗೆ ಬೀಜ ಸಿಡಿದಾಗ ಒಳಗಿನ ಬಿಳಿ ಎಳೆಯಂಥ ಭಾಗ ಹೊರಗೆ ಬರುತ್ತದೆ. ನೋಡಲು ಅದು ಹುಳುವಿನಂತೆಯೇ ಇರುತ್ತದೆ. ಕೆಲವರು ಹತ್ತಿಯಲ್ಲಿ ಮೊದಲೇ ಅಡಗಿಸಿಟ್ಟದ್ದನ್ನು ತೋರಿಸುವುದೂ ಉಂಟು. ಹೊಗೆಯಿಂದ ನೋವು ಸ್ವಲ್ಪ ಹೊತ್ತು ಮಂಕಾದಂತೆ ಅನ್ನಿಸಬಹುದು, ತೂತು ಮಾತ್ರ ಹಾಗೆಯೇ ಇರುತ್ತದೆ. ಮಕ್ಕಳ ಬಾಯಿ ಸುಡುವ, ಹೊಗೆ ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ.

ಕಬ್ಬಿನ ಸೀಮೆಯ ಪ್ರಶ್ನೆ: ಬೆಲ್ಲ ಒಳ್ಳೆಯದಲ್ಲವೇ?

ಉಗಾರದಿಂದ ರಾಯಬಾಗದವರೆಗೆ ಸಕ್ಕರೆ ಕಾರ್ಖಾನೆಗಳ ಹೊಗೆಗೊಳವೆ ಕಾಣುವ ಊರುಗಳಲ್ಲಿ ‘ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು’ ಎಂಬ ಮಾತು ಸಾಮಾನ್ಯ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇರುವುದು ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಬಾಯಿಯ ಬ್ಯಾಕ್ಟೀರಿಯಾಗೆ ಎರಡರ ನಡುವೆ ಭೇದವಿಲ್ಲ. ಬೆಲ್ಲ ಹಲ್ಲಿಗೆ ಅಂಟಿಕೊಂಡು ಹೆಚ್ಚು ಹೊತ್ತು ಉಳಿಯುತ್ತದೆ ಎಂಬುದೂ ನೆನಪಿರಲಿ.

ಕಬ್ಬಿನ ರಸದಲ್ಲಿ 100ಕ್ಕೆ ಸುಮಾರು 13–15 ಪಾಲು ಸಕ್ಕರೆ. ಒಂದು ಲೋಟ ಹಾಲು ಎಂದು ಹೇಳುತ್ತೇವಲ್ಲ, ಅಷ್ಟೇ ಅಂದರೆ 200 ಮಿಲಿ ಕಬ್ಬಿನ ಹಾಲಿನಲ್ಲಿ 25 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. ‘ಕಬ್ಬು ಜಗಿದರೆ ಹಲ್ಲು ಸ್ವಚ್ಛವಾಗುತ್ತದೆ’ ಎನ್ನುವುದು ಅರ್ಧ ಸತ್ಯ. ನಾರು ಹಲ್ಲಿನ ಸಪಾಟು ಮೈಯನ್ನು ಉಜ್ಜಬಹುದು, ಆದರೆ ದವಡೆ ಹಲ್ಲಿನ ಮೇಲಿನ ಸಣ್ಣ ಗೆರೆಗಳ ಒಳಗೆ ಹೋಗದು. ರಸ ಮಾತ್ರ ಅಲ್ಲಿಗೂ ಹೋಗುತ್ತದೆ.

ಹಾಗೆಂದು ಮಕ್ಕಳಿಗೆ ಪಂಚಮಿ ಉಂಡಿ, ಸಂಕ್ರಾಂತಿಯ ಕುಸುರೆಳ್ಳು, ಹೊಲದ ಕಬ್ಬು ಕೊಡಲೇಬಾರದು ಎಂದು ನಾವು ಹೇಳುವುದಿಲ್ಲ. ಎಷ್ಟು ತಿಂದರು ಎನ್ನುವುದರ ಜೊತೆಗೆ ದಿನಕ್ಕೆ ಎಷ್ಟು ಸಲ ತಿಂದರು ಎನ್ನುವುದೂ ಮುಖ್ಯ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಆಮ್ಲ ಏರುತ್ತದೆ. ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಖನಿಜ ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಬೇಕು. ಊಟದ ಜೊತೆ ಒಂದು ಉಂಡಿ ತಿಂದರೆ ಒಂದು ದಾಳಿ. ಅದೇ ಉಂಡಿಯನ್ನು ಮಧ್ಯಾಹ್ನವಿಡೀ ಚೂರುಚೂರು ತಿಂದರೆ ಆರು ದಾಳಿ. ಆದ್ದರಿಂದ ಸಿಹಿಯನ್ನು ಊಟದ ಜೊತೆಗೇ ಕೊಡಿ, ನಂತರ ನೀರು ಕುಡಿಸಿ.

ಇನ್ನೊಂದು ಎಚ್ಚರಿಕೆ. ಬೆಲ್ಲ ಅಥವಾ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಗುವನ್ನು ಮಲಗಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಎರಡು ವರ್ಷದ ಮಕ್ಕಳ ಮೇಲಿನ ಮುಂದಿನ ಹಲ್ಲುಗಳು ಕಂದಾಗಿ ಸವೆದು ಹೋಗುವುದಕ್ಕೆ ಇದು ದೊಡ್ಡ ಕಾರಣ.

ಉಜ್ಜುವುದು ಯಾವಾಗ, ಯಾವುದರಿಂದ?

ಮೊದಲ ಹಲ್ಲು ಮೂಡಿದ ದಿನದಿಂದಲೇ. 3 ವರ್ಷದ ಒಳಗಿನವರಿಗೆ ಮೃದು ಬ್ರಷ್ ಮತ್ತು ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್, 3ರಿಂದ 6 ವರ್ಷದವರಿಗೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ ತುಂಬ ಹಚ್ಚಬೇಕಿಲ್ಲ. ದಿನಕ್ಕೆ ಎರಡು ಸಲ. ಅದರಲ್ಲೂ ರಾತ್ರಿ ಮಲಗುವ ಮುಂಚಿನದನ್ನು ತಪ್ಪಿಸಬಾರದು. ಮಗುವಿಗೆ 7–8 ವರ್ಷ ಆಗುವವರೆಗೂ ದೊಡ್ಡವರೇ ಉಜ್ಜಬೇಕು, ಇಲ್ಲವೇ ಜೊತೆಗೆ ನಿಂತು ನೋಡಬೇಕು. ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು. ಬಹಳ ಸಲ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದು ಹೋಗುತ್ತದೆ.

‘ಫ್ಲೋರೈಡ್ ವಿಷ’ ಎಂಬ ಸಂದೇಶಕ್ಕೆ ಒಂದು ಮೂಲವಿದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅತಿಯಾಗಿ, ಜನರ ಹಲ್ಲು ಮತ್ತು ಮೂಳೆ ಹಾಳಾಗಿರುವುದು ನಿಜ. ಅಲ್ಲಿನ ತೊಂದರೆ ವರ್ಷಗಟ್ಟಲೆ ಕುಡಿದ ನೀರಿನದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಅಕ್ಕಿ ಕಾಳಿನಷ್ಟು ಪೇಸ್ಟನ್ನು ಹಚ್ಚಿ ಉಗುಳುವುದು ಬೇರೆ ವಿಷಯ. ಹಲ್ಲು ಹುಳುಕಾಗದಂತೆ ತಡೆಯುವ ಪೇಸ್ಟಿನ ಮುಖ್ಯ ಅಂಶವೇ ಫ್ಲೋರೈಡ್.

ಇನ್ನು ಟ್ಯೂಬಿನ ತುದಿಯ ಹಸಿರು, ನೀಲಿ, ಕೆಂಪು, ಕಪ್ಪು ಪಟ್ಟಿ. ಅದು ಕಾರ್ಖಾನೆಯ ಯಂತ್ರಕ್ಕೆ ಟ್ಯೂಬನ್ನು ಎಲ್ಲಿ ಕತ್ತರಿಸಿ ಮುಚ್ಚಬೇಕು ಎಂದು ತೋರಿಸುವ ಗುರುತು ಅಷ್ಟೇ. ಒಳಗೇನಿದೆ ಎಂದು ತಿಳಿಯಬೇಕಾದರೆ ಹಿಂದೆ ಮುದ್ರಿಸಿದ ಪಟ್ಟಿ ಓದಿ.

ಇದ್ದಿಲು, ಇಟ್ಟಿಗೆ ಪುಡಿ, ಬೂದಿ, ಹರಳುಪ್ಪು ಇವುಗಳಿಂದ ಉಜ್ಜಿದರೆ ಹಲ್ಲು ಹೊಳೆದಂತೆ ಕಾಣುತ್ತದೆ. ಅದು ಮೇಲ್ಪದರ ಸವೆಯುತ್ತಿರುವ ಲಕ್ಷಣ. ಇವೆಲ್ಲಕ್ಕಿಂತ ಅಪಾಯಕಾರಿ ಮಿಶ್ರಿ. ಹೊಗೆಸೊಪ್ಪಿಗೆ ಹೆಸರಾದ ನಿಪ್ಪಾಣಿ ಭಾಗದಲ್ಲೂ ನೆರೆಯ ಮಹಾರಾಷ್ಟ್ರದಲ್ಲೂ ತಂಬಾಕನ್ನು ಹುರಿದು ಪುಡಿ ಮಾಡಿ ಹಲ್ಲಿಗೆ ಹಚ್ಚುವ ರೂಢಿ ಹಳೆಯದು. ಹಲ್ಲುಪುಡಿ ಮತ್ತು ಪೇಸ್ಟಿನಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೆ ಮನೆಯಲ್ಲಿ ಹುರಿಯುವುದನ್ನು ತಡೆಯುವವರು ಯಾರು? ಅಜ್ಜಿಯ ಡಬ್ಬಿಯಿಂದ ಮೊಮ್ಮಗು ಒಂದು ಚಿಟಿಕೆ ತೆಗೆದರೆ ಅದು ಹಲ್ಲುಜ್ಜುವುದಲ್ಲ, ತಂಬಾಕಿನ ಚಟದ ಮೊದಲ ಪಾಠ. ಅಜ್ಜಿಗೆ ಬಿಡಲಾಗದಿದ್ದರೂ ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ.

ಇನ್ನೆರಡು ಮಾತುಗಳು

‘ಹಲ್ಲು ಬರುವಾಗ ಜ್ವರ, ಭೇದಿ ಸಹಜ.’ ಹಲ್ಲು ಮೂಡುವಾಗ ಜೊಲ್ಲು ಸುರಿಯುವುದು, ಕಿರಿಕಿರಿ, ಒಸಡಿನ ತುರಿಕೆ ಸಹಜ. ಜೋರು ಜ್ವರ ಮತ್ತು ಭೇದಿ ಸಹಜವಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಾದ್ದರಿಂದ ಸೋಂಕು ತಗುಲಿರಬಹುದು. ‘ಹಲ್ಲಿನದು’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ.

‘ಮೇಲಿನ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಹೋಗುತ್ತದೆ.’ ಇಲ್ಲ. ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಹಲ್ಲು ಕೀಳುವುದರಿಂದ ದೃಷ್ಟಿ ಹೋಗದು. ಅಪಾಯ ಇರುವುದು ಕೀವು ತುಂಬಿದ ಮೇಲಿನ ಹಲ್ಲನ್ನು ಹಾಗೆಯೇ ಬಿಡುವುದರಲ್ಲಿ, ಏಕೆಂದರೆ ಆ ಸೋಂಕು ಕಣ್ಣಿನ ಸುತ್ತ ಹರಡಬಹುದು.

ಭಯ ಎಲ್ಲಿಂದ ಬರುತ್ತದೆ?

ಯಾವ ಮಗುವೂ ದಂತವೈದ್ಯರ ಭಯ ಹೊತ್ತು ಹುಟ್ಟುವುದಿಲ್ಲ. ‘ಸುಮ್ಮ ಕೂಡು, ಇಲ್ಲಾಂದ್ರ ಡಾಕ್ಟರ್ ಕಡೆ ಒಯ್ದು ಸೂಜಿ ಹಾಕಸ್ತೀನಿ’ ಎಂದು ನಾವೇ ಕಲಿಸುತ್ತೇವೆ. ವರ್ಷವಿಡೀ ಶಿಕ್ಷೆಯ ಹೆಸರಾಗಿ ಕೇಳಿದ ಜಾಗಕ್ಕೆ ಒಂದು ದಿನ ನಿಜವಾಗಿ ಕರೆದೊಯ್ದರೆ ಮಗು ಅಳದೆ ಇನ್ನೇನು ಮಾಡೀತು? ದೊಡ್ಡವರು ತಮ್ಮ ಹಲ್ಲು ಕೀಳಿಸಿದ ಕಥೆಯನ್ನು ಬಣ್ಣ ಕಟ್ಟಿ ಹೇಳುವುದು ಎರಡನೆಯ ಕಾರಣ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ನೋವು ತಡೆಯಲಾಗದ ರಾತ್ರಿ ಕಳೆದ ಮೇಲೆಯೇ ಮೊದಲ ಭೇಟಿ. ನಿದ್ದೆಯಿಲ್ಲದ, ಹಸಿದ, ನೋಯುತ್ತಿರುವ ಮಗುವಿಗೆ ಅಪರಿಚಿತ ಕುರ್ಚಿ, ದೀಪ, ಸದ್ದು ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಆ ನೆನಪು ದೊಡ್ಡವರಾದ ಮೇಲೂ ಉಳಿಯುತ್ತದೆ.

ಮಕ್ಕಳ ದಂತವೈದ್ಯರ ಸಂಘಟನೆಗಳು ಮೊದಲ ಹುಟ್ಟುಹಬ್ಬದ ಒಳಗೇ ಮೊದಲ ಭೇಟಿ ಆಗಲಿ ಎನ್ನುವುದು ಇದಕ್ಕಾಗಿಯೇ. ಏನೂ ನೋಯದಿರುವಾಗ ಹೋಗಿ, ಬಾಯಿ ತೋರಿಸಿ, ನಕ್ಕು ಬಂದ ಮಗುವಿಗೆ ಆ ಜಾಗ ಮನೆಯ ಕಟ್ಟೆಯಷ್ಟೇ ಪರಿಚಿತ.

ಭಯ ಕಡಿಮೆ ಮಾಡಲು ಪಾಲಕರು ಮಾಡಬಹುದಾದದ್ದು

• ದಂತವೈದ್ಯರನ್ನು, ಸೂಜಿಯನ್ನು ಬೆದರಿಕೆಗೆ ಬಳಸಬೇಡಿ. ಇದು ಮೊದಲ ನಿಯಮ.

• ‘ಏನೂ ನೋಯಲ್ಲ’ ಎಂಬ ಸುಳ್ಳು ಬೇಡ. ‘ನೋವು’ ಎಂಬ ಪದವನ್ನೇ ಮಗು ಹಿಡಿದುಕೊಳ್ಳುತ್ತದೆ. ನಂತರ ಸ್ವಲ್ಪ ನೋವಾದರೂ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ‘ಡಾಕ್ಟರ್ ನಿನ್ನ ಹಲ್ಲು ಎಣಿಸುತ್ತಾರೆ, ಏನು ಮಾಡುತ್ತಾರೋ ನಿನಗೆ ಮೊದಲೇ ಹೇಳುತ್ತಾರೆ’ ಎಂದಷ್ಟೇ ಹೇಳಿ.

• ಮನೆಯಲ್ಲಿ ಆಟ ಆಡಿ. ಮಗುವನ್ನು ಮಡಿಲಲ್ಲಿ ಮಲಗಿಸಿ ಚಮಚದಿಂದ ಹಲ್ಲು ಎಣಿಸಿ. ಆಮೇಲೆ ನಿಮ್ಮ ಹಲ್ಲನ್ನು ಅದು ಎಣಿಸಲಿ.

• ಬೆಳಗಿನ ಹೊತ್ತಿಗೆ, ಹೊಟ್ಟೆಗೆ ಸ್ವಲ್ಪ ತಿನ್ನಿಸಿ ಕರೆದೊಯ್ಯಿರಿ. ಮತ್ತು ಬರಿಸಿ ಚಿಕಿತ್ಸೆ ಕೊಡುವುದಿದ್ದರೆ ಮಾತ್ರ ವೈದ್ಯರು ಹೇಳಿದಂತೆ ಉಪವಾಸವಿರಬೇಕು.

• ಒಬ್ಬರು ಜೊತೆಗಿದ್ದರೆ ಸಾಕು. ನಾಲ್ಕು ಜನ ಹೋಗಿ ನಾಲ್ಕು ದಿಕ್ಕಿನಿಂದ ‘ಅಳಬ್ಯಾಡ’ ಎಂದರೆ ಮಗು ಇನ್ನಷ್ಟು ಗಾಬರಿಯಾಗುತ್ತದೆ. ನಿಮಗೇ ಹೆಚ್ಚು ಭಯವಿದ್ದರೆ ಮನೆಯ ಬೇರೊಬ್ಬರನ್ನು ಕಳಿಸಿ.

• ಕೈ ಎತ್ತಿದರೆ ವೈದ್ಯರು ನಿಲ್ಲಿಸುತ್ತಾರೆ ಎಂಬ ಗುರುತನ್ನು ಮೊದಲೇ ಒಪ್ಪಿಕೊಳ್ಳಿ. ನಿಲ್ಲಿಸುವ ಅಧಿಕಾರ ತನಗಿದೆ ಎಂದು ಗೊತ್ತಾದರೆ ಮಗು ಧೈರ್ಯವಾಗಿ ಕೂರುತ್ತದೆ.

• ಚಿಕಿತ್ಸೆಗಾಗಿ ಮೀರಜ್, ಸಾಂಗಲಿ ಕಡೆ ಹೋಗುವವರು ಗಮನಿಸಿ: ಕನ್ನಡ ಮಾತ್ರ ಬಲ್ಲ ಮಗುವಿಗೆ ಸುತ್ತಲೂ ಮರಾಠಿ ಕೇಳಿದರೆ ಭಯ ಹೆಚ್ಚುತ್ತದೆ. ಪಕ್ಕದಲ್ಲಿ ಕೂತು ಪ್ರತಿ ಮಾತನ್ನೂ ಮಗುವಿನ ಭಾಷೆಯಲ್ಲಿ ಹೇಳಲು ಅವಕಾಶ ಕೇಳಿ.

• ಮುಗಿದ ಮೇಲೆ ‘ಅತ್ತುಬಿಟ್ಟೆಯಲ್ಲ’ ಎಂದು ಹಂಗಿಸಬೇಡಿ. ‘ಬಾಯಿ ಚೆನ್ನಾಗಿ ತೆರೆದು ಹಿಡಿದಿದ್ದೆ’ ಎಂದು ನಿಜವಾಗಿ ಮಾಡಿದ್ದನ್ನು ಹೊಗಳಿ. ಬಹುಮಾನ ಚಾಕೊಲೇಟ್ ಆಗದಿರಲಿ.

ವೈದ್ಯರ ಕಡೆಯಿಂದಲೂ ಒಂದು ಸರಳ ವಿಧಾನವಿದೆ: ಹೇಳು, ತೋರಿಸು, ಮಾಡು. 1959ರಲ್ಲಿ ಅಮೆರಿಕದ ಹೆರಾಲ್ಡ್ ಆ್ಯಡೆಲ್ಸ್ಟನ್ ಬರೆದಿಟ್ಟ ಈ ಕ್ರಮವನ್ನು ಇಂದಿಗೂ ಎಲ್ಲ ಕಡೆ ಕಲಿಸುತ್ತಾರೆ. ಗಾಳಿ ಊದುವ ಉಪಕರಣ ಎಂದು ಹೇಳುವುದು, ಮಗುವಿನ ಬೆರಳಿನ ಮೇಲೆ ಊದಿ ತೋರಿಸುವುದು, ಆಮೇಲೆ ಹಲ್ಲಿನ ಮೇಲೆ ಊದುವುದು. ವೈದ್ಯರು ಹೀಗೆ ಸಮಯ ತೆಗೆದುಕೊಂಡರೆ ‘ಬೇಗ ಮುಗಿಸಿ’ ಎಂದು ಅವಸರ ಮಾಡಬೇಡಿ.

ಸೂಜಿ, ಡ್ರಿಲ್ ಇಲ್ಲದೆ ಚಿಕಿತ್ಸೆ ಸಾಧ್ಯವೇ?

ತೂತು ಚಿಕ್ಕದಿದ್ದಾಗಲೇ ಹೋದರೆ ಹಲವು ಸಲ ಸಾಧ್ಯ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಲ್ಲಿಗೆ ಹಚ್ಚಿದರೆ ಹುಳುಕು ಮುಂದುವರಿಯುವುದನ್ನು ತಡೆಯಬಹುದು. ಸೂಜಿಯಿಲ್ಲ, ಸದ್ದಿಲ್ಲ. ಹುಳುಕಾದ ಜಾಗ ಕಪ್ಪಾಗುತ್ತದೆ ಎಂಬುದು ಇದರ ಮುಖ್ಯ ಕೊರತೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ, ಕರೆಂಟ್ ಇಲ್ಲದ ಹಳ್ಳಿಗಳಿಗೂ ಆಗುವಂಥ ಇನ್ನೊಂದು ಕ್ರಮ ರೂಪುಗೊಂಡಿತು. ಕೈ ಉಪಕರಣದಿಂದ ಮೆತ್ತಗಾದ ಭಾಗವನ್ನಷ್ಟೇ ಕೆರೆದು ಸಿಮೆಂಟ್ ತುಂಬುವುದು. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಅವರ ಹೆಸರಿನ ವಿಧಾನದಲ್ಲಿ ಹುಳುಕಾದ ಹಾಲುಹಲ್ಲಿನ ಮೇಲೆ ಲೋಹದ ಟೋಪಿಯನ್ನು ಕೂರಿಸಿ ಮುಚ್ಚಿಬಿಡುತ್ತಾರೆ. ದವಡೆ ಹಲ್ಲಿನ ಗೆರೆಗಳನ್ನು ಮೊದಲೇ ಮುಚ್ಚುವ ಸೀಲೆಂಟ್ ಕೂಡ ಇದೆ. ಮಗುವಿಗೆ ಯಾವುದು ಹೊಂದುತ್ತದೆ ಎಂದು ವೈದ್ಯರು ನೋಡಿ ಹೇಳಬೇಕು. ಕೇಳುವ ಹಕ್ಕು ಮಾತ್ರ ನಿಮ್ಮದು.

ಮರಗಟ್ಟಿಸುವ ಸೂಜಿ ಕೊಟ್ಟಿದ್ದರೆ ಎರಡು–ಮೂರು ಗಂಟೆ ಮಗು ತನ್ನ ತುಟಿ, ಕೆನ್ನೆ ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ.

ಎಲ್ಲಿ ತೋರಿಸಬೇಕು?

ತಾಲೂಕು ಆಸ್ಪತ್ರೆಯಲ್ಲಿ ದಂತ ವಿಭಾಗದ ಬಗ್ಗೆ ಮೊದಲು ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ವೈದ್ಯರ ತಂಡ ಬರುತ್ತದೆ. ಅವರು ತಪಾಸಣೆ ಮಾಡುವ ತೊಂದರೆಗಳಲ್ಲಿ ಹುಳುಕು ಹಲ್ಲೂ ಒಂದು. ತಂಡ ಬರುವ ದಿನ ಮಗುವನ್ನು ತಪ್ಪದೆ ಕಳಿಸಿ. ಅವರು ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿಡಿ. ಹೆಚ್ಚಿನ ಚಿಕಿತ್ಸೆಗೆ ಬೆಳಗಾವಿಯಲ್ಲಿ 1985ರಲ್ಲಿ ಶುರುವಾದ ಕೆಎಲ್‌ಇ ವಿಶ್ವನಾಥ ಕತ್ತಿ ದಂತ ಕಾಲೇಜಿನಂಥ ಬೋಧನಾ ಆಸ್ಪತ್ರೆಗಳಿವೆ. ಅಲ್ಲಿ ಮಕ್ಕಳ ಹಲ್ಲಿಗೇ ಪ್ರತ್ಯೇಕ ವಿಭಾಗವಿರುತ್ತದೆ. ಕುಡಚಿ, ರಾಯಬಾಗ ನಿಲ್ದಾಣಗಳಿಂದ ಬೆಳಗಾವಿಗೂ ಮೀರಜ್‌ಗೂ ರೈಲಿದೆ.

ಒಂದು ದಿನವೂ ತಡಮಾಡಬಾರದ ಲಕ್ಷಣಗಳು

ಹಲ್ಲುನೋವಿನ ಜೊತೆ ಕೆನ್ನೆ ಅಥವಾ ದವಡೆ ಊದಿಕೊಂಡು ಜ್ವರ ಬಂದರೆ, ಊತ ಕಣ್ಣಿನ ಕಡೆಗೆ ಅಥವಾ ಕುತ್ತಿಗೆಗೆ ಹರಡಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅದು ತುರ್ತು ಪರಿಸ್ಥಿತಿ. ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಿ. ಊತದ ಮೇಲೆ ಬಿಸಿ ಶಾಖ ಕೊಡಬೇಡಿ. ಲವಂಗದ ಎಣ್ಣೆ ನೋವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಸೋಂಕನ್ನು ಗುಣಪಡಿಸದು. ಅದನ್ನು ನೇರವಾಗಿ ಹಚ್ಚಿದರೆ ಮಗುವಿನ ಒಸಡು ಸುಡಬಹುದು. ಆಸ್ಪಿರಿನ್ ಮಾತ್ರೆಯನ್ನು ಮಕ್ಕಳಿಗೆ ನುಂಗಿಸಲೂಬಾರದು, ಹಲ್ಲಿನ ಮೇಲೆ ಇಡಲೂಬಾರದು.

ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬೇರುಸಹಿತ ಹೊರಬಂದರೆ ಬೇರನ್ನು ಮುಟ್ಟದೆ, ಉಜ್ಜದೆ, ತುದಿ ಹಿಡಿದು ಎತ್ತಿ. ಮಣ್ಣಾಗಿದ್ದರೆ ಕೆಲವು ಕ್ಷಣ ನೀರಿನಲ್ಲಿ ತೊಳೆದು ಮತ್ತೆ ಅದೇ ಗೂಡಿನಲ್ಲಿ ಕೂರಿಸಲು ನೋಡಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿ. ಹಾಲುಹಲ್ಲಾದರೆ ಮರಳಿ ಕೂರಿಸಬಾರದು, ಆದರೂ ಮಗುವನ್ನು ವೈದ್ಯರಿಗೆ ತೋರಿಸಿ.

ಕೊನೆಯದಾಗಿ

2002–03ರ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 5 ವರ್ಷದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಹುಳುಕು ಹಲ್ಲಿರುವುದು ಕಂಡುಬಂದಿತ್ತು. ಅಂದರೆ ನಿಮ್ಮ ವಾಟ್ಸಾಪ್ ಗುಂಪಿನ ಬಹಳಷ್ಟು ಮನೆಗಳಲ್ಲಿ ಈ ತೊಂದರೆ ಇರುವ ಸಾಧ್ಯತೆಯಿದೆ. ಮುಂದಿನ ಸಲ ಹೊಗೆಯ ಮದ್ದಿನ ವಿಡಿಯೋ ಬಂದಾಗ ಅದನ್ನು ಮುಂದೆ ಕಳಿಸಬೇಡಿ. ಅದರ ಬದಲು ಇಂದು ರಾತ್ರಿ ಮಲಗುವ ಮುನ್ನ ಮಗುವಿನ ಹಲ್ಲನ್ನು ನೀವೇ ಉಜ್ಜಿ, ಹಾಗೆಯೇ ಹಿಂದಿನ ದವಡೆಯನ್ನೂ ಒಮ್ಮೆ ನೋಡಿ. ಕಪ್ಪು ಚುಕ್ಕೆ ಅಥವಾ ತೂತು ಕಂಡರೆ ನೋವು ಶುರುವಾಗುವ ಮೊದಲೇ ತೋರಿಸಿ. ಸಣ್ಣ ಮಕ್ಕಳಿರುವ ನಿಮ್ಮ ಬಂಧುಗಳಿಗೂ ಈ ಬರಹ ಕಳಿಸಿ.